ಇಲ್ಲದ ಸಾಲು

“ಓದ್ರಿ, ಸರ್. ಎಲ್ಲಾರಿಗೂ ಕೇಳೋಹಂಗ ಓದ್ರಿ.”

ಸಂಪದಾ ಲ್ಯಾಪ್‌ಟಾಪನ್ನು ತಿರುಗಿಸಿ ದತ್ತಾತ್ರೇಯರ ಮುಂದೆ ಸರಿಸಿದಳು. ಅದು ಅವರ ಸ್ಟೀಲಿನ ಊಟದ ಡಬ್ಬಿಗೆ ತಾಗಿ ಸಣ್ಣಗೆ ಠಣ್ ಎಂದಿತು.

ಅವರು ಓದಲಿಲ್ಲ. ಸದ್ದು ಬಂದ ಕಡೆ ಮುಖ ತಿರುಗಿಸಿ, ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಏನು ಓದಬೇಕ್ರಿ, ಮೇಡಂ?”

ಆ ‘ಮೇಡಂ’ ಅವಳಿಗೆ ಮುಳ್ಳಿನಂತೆ ಚುಚ್ಚಿತು. ಆದರೆ ಮೊದಲು ‘ಸರ್’ ಎಂದವಳು ಅವಳೇ. ನಾಚಾರಂನ ಇವರ ಮನೆಯ ಪಡಸಾಲೆಯಲ್ಲಿ, ಫ್ರಾಕು ತೊಡುವ ವಯಸ್ಸಿನಲ್ಲಿ, ಕಂಪ್ಯೂಟರಿನ ಮೊದಲ ಸಾಲು ಬರೆದವಳು ಅವಳು. ಅಂದಿನಿಂದ ಇವರು ಅವಳಿಗೆ ತಾತ್ಯಾ. ಅದು ಈ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲೂಬಾರದಿತ್ತು. ತಪ್ಪು ಯಾರದೆಂದು ಪತ್ತೆ ಮಾಡಲು ಕಂಪನಿ ಹೊರಗಿಂದ ಕರೆಸಿದ ಹುಡುಗಿ ಗುರುವಿನ ಪರ ವಹಿಸಿದಳು ಎಂಬ ಮಾತು ಬರಬಾರದೆಂದು ಅವಳು ಹೊಸ್ತಿಲಲ್ಲೇ ತಾತ್ಯಾನನ್ನು ಸರ್ ಮಾಡಿದ್ದಳು.

“ಜೀಡಿಮೆಟ್ಲಾದ ಕಾರ್ಖಾನಿಗೆ ಹೋದ ಕೋಡ್ ಅದ ಇದು,” ಎಂದಳು. “ನೀವು ಒಪ್ಪಿ ಕಳಿಸಿದ್ದು.”

ಕಾನ್ಫರೆನ್ಸ್ ಕೋಣೆಯ ಬಾಗಿಲು ತೆರೆದೇ ಇತ್ತು. ಬೇಕೆಂದೇ ತೆರೆದಿಟ್ಟಿದ್ದಳು. ಹೊರಗೆ ಕೀಬೋರ್ಡುಗಳ ಸಪ್ಪಳ ಒಂದೊಂದಾಗಿ ನಿಂತಿತು. ಅಮೀರ್‌ಪೇಟ್‌ನ ಮೂರನೆಯ ಮಹಡಿಯ ಆ ಆಫೀಸಿಗೆ ಈಗ ಕೇಳುತ್ತಿದ್ದುದು ಕೆಳಗಿನ ಕೋಚಿಂಗ್ ಕ್ಲಾಸಿನ ಮೈಕು ಮಾತ್ರ.

ಒಳಗೆ ಇನ್ನಿಬ್ಬರಿದ್ದರು. ಕಂಪನಿಯ ಒಡತಿ ವಿಜಯಶ್ರೀ ಕೈಕಟ್ಟಿ ಕಿಟಕಿಗೆ ಒರಗಿದ್ದರು. ಮೂಲೆಯ ಕುರ್ಚಿಯಲ್ಲಿ ಬಸವಕಿರಣ, ಗಡ್ಡ ಬಿಟ್ಟ ಮುಖವನ್ನು ಅಂಗೈಗಳಲ್ಲಿ ಹುದುಗಿಸಿ ಕೂತಿದ್ದ. ಸಂಜೆ ಪೊಲೀಸ್ ಇನ್‌ಸ್ಪೆಕ್ಟರ್ ಬಂದಾಗ ಅವನ ಹೆಸರನ್ನು ಕೊಡುವುದೆಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು.

ಔಷಧ ಕುದಿಯುವ ದೊಡ್ಡ ಪಾತ್ರೆಯ ಬಿಸಿ ಮೀರಿದರೆ ಮಾತಾಡಿ ಎಚ್ಚರಿಸುವ ಯಂತ್ರ ಈ ಕಂಪನಿಯದು. ‘ಬಿಸಿ ಏರಿದೆ, ಹಿಂದೆ ಸರಿಯಿರಿ’ ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ, ಬೀದರ್ ಕಲಬುರಗಿ ಕಡೆಯ ಕೆಲಸಗಾರರಿಗಾಗಿ ಕನ್ನಡದಲ್ಲೂ ಅದು ಕೂಗುತ್ತಿತ್ತು. ಕಳೆದ ವಾರ ಕೂಗಲಿಲ್ಲ. ಪಾತ್ರೆ ತಣ್ಣಗಿದೆ ಎಂದುಕೊಂಡು ಭೀಮಾಶಂಕರ ಎಂಬ ಕೆಲಸಗಾರ ಮುಚ್ಚಳ ತೆರೆದ. ಒಳಗಿನ ಹಬೆ ಅವನ ಮುಖಕ್ಕೂ ಕೈಗಳಿಗೂ ಬಡಿಯಿತು. ಆಸ್ಪತ್ರೆಯಲ್ಲಿ ಸಂಪದಾ ಅವನನ್ನು ನೋಡಿ ಬಂದಿದ್ದಳು. ಬ್ಯಾಂಡೇಜಿನೊಳಗಿಂದ ಅವನು ಒಂದೇ ಮಾತು ಕೇಳಿದ್ದ: “ಅಕ್ಕಾರ, ಆ ಹುಡುಗಿ ದನಿ ಯಾಕ ಬರಲಿಲ್ಲರಿ?”

ಆ ದನಿ ಸಂಪದಾಳದೇ. ಹೋದ ವರ್ಷ ದಸರೆಯ ಹೊತ್ತಿಗೆ ವಿಜಯಶ್ರೀ ಅವಳನ್ನು ಗಾಜಿನ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿ ಪುಟಗಟ್ಟಲೆ ಓದಿಸಿದ್ದರು.

“ಸಂಪದಾ, ಲಗೂ ಮುಗಸವಾ,” ವಿಜಯಶ್ರೀ ಗಡಿಯಾರ ನೋಡಿದರು. “ಬರ್ದಾಂವ ಬಸವಕಿರಣ. ಮತ್ತ ಇವರನ್ನ ಯಾಕ ಎಳೀತಿ?”

“ಬರ್ದವರು ಬ್ಯಾರೆ, ಅಳಿಸಿದವರು ಬ್ಯಾರೆ ಅದಾರ್ರಿ, ಮೇಡಂ. ಬೋರ್ಡಿನಾಗ ಎಲ್ಲಾ ಅದ.”

ಈ ಕಂಪನಿಯಲ್ಲಿ ಪ್ರತಿ ಕೆಲಸವೂ ಕಂಪ್ಯೂಟರಿನ ಬೋರ್ಡಿನ ಮೇಲೆ ಒಂದು ಕಾರ್ಡು. ಯಾರು ಹೊತ್ತಿದ್ದಾರೆ, ಎಲ್ಲಿಗೆ ಬಂತು, ಎಲ್ಲವೂ ಅದರ ಮೇಲೆಯೇ. ಕೋಡ್ ಬದಲಾದರೆ ಆ ಬದಲಾವಣೆಯೂ ಅದೇ ಕಾರ್ಡಿಗೆ ಅಂಟಿಕೊಳ್ಳುತ್ತದೆ. ಸೇರಿಸಿದ ಸಾಲು ಹಸಿರು, ತೆಗೆದ ಸಾಲು ಕೆಂಪು. ಬರೆದವರನ್ನು ಬಿಟ್ಟು ಇನ್ನೊಬ್ಬರು ಅದನ್ನು ಓದಿ ಒಪ್ಪಿಗೆ ಒತ್ತುವ ತನಕ ಏನೂ ಕಾರ್ಖಾನೆಗೆ ಹೋಗುವಂತಿಲ್ಲ. ಆ ಓದುವ ಕೆಲಸ ದತ್ತಾತ್ರೇಯರದು. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ವಿಜಯಶ್ರೀ ಅವರನ್ನು ಕರೆತಂದಿದ್ದೇ ಅದಕ್ಕಾಗಿ.

ಪಾತ್ರೆ ತೊಳೆಯುವಾಗಲೂ ದನಿ ಸುಮ್ಮಸುಮ್ಮನೆ ಕೂಗುತ್ತದೆಂದು ಕಾರ್ಖಾನೆಯವರು ದೂರಿದ್ದರು. ಬಸವಕಿರಣ ಎರಡು ಸಾಲು ಬರೆದ. ತೊಳೆಯುವುದು ಶುರುವಾದರೆ ದನಿ ಮುಚ್ಚು. ತೊಳೆದಾದ ಮೇಲೆ ದನಿ ತೆರೆ. ಮೊದಲ ಸಾಲು ಹಸಿರಾಗಿಯೇ ಇತ್ತು. ಎರಡನೆಯದನ್ನು ಯಾರೋ ಕೆಂಪು ಮಾಡಿದ್ದರು. ದನಿ ಮುಚ್ಚಿತು, ಮತ್ತೆ ತೆರೆಯಲೇ ಇಲ್ಲ.

“ನಾ ಎರಡೂ ಬರ್ದಿದ್ದೆ ರೀ, ನಮ್ಮವ್ವನ ಆಣಿ,” ಬಸವಕಿರಣ ಮುಖ ಎತ್ತದೆಯೇ ಹೇಳಿದ.

“ಹೂಂ. ನೀವು ಬರ್ದೀರಿ.” ಸಂಪದಾ ದತ್ತಾತ್ರೇಯರ ಕಡೆ ತಿರುಗಿದಳು. “ಎರಡನೇ ಸಾಲು ತೆಗೆದಿದ್ದು ನಿಮ್ಮ ಹೆಸರಿನಿಂದ, ಸರ್. ತೆಗೆದು, ಒಪ್ಪಿಗೆ ಒತ್ತಿ, ಕೆಳಗ ‘ಓದಿದೆ, ಸರಿ ಅದ’ ಅಂತ ಬರ್ದೀರಿ. ನಿಮ್ಮ ಪಾಸ್‌ವರ್ಡ್ ಇಲ್ಲದ ಇದು ಆಗೂದಿಲ್ಲ. ಆ ಪಾಸ್‌ವರ್ಡ್ ಯಾರಿಗರೆ ಕೊಟ್ಟಿದ್ರೇನು?”

ದತ್ತಾತ್ರೇಯರ ಬೆರಳುಗಳು ಡಬ್ಬಿಯ ಹಿಡಿಯ ಮೇಲೆ ಬಿಗಿಯಾದವು. ಅವರು ಅವಳ ದನಿ ಬಂದ ಕಡೆಗೇ ಮುಖ ಮಾಡಿ, ಪ್ರಶ್ನೆಯಲ್ಲದ ಬೇರೇನನ್ನೋ ಕಾಯುವವರಂತೆ ಕುಳಿತರು.

ಗಂಟಲು ಸರಿಮಾಡಿಕೊಂಡು, “ಇಲ್ಲ,” ಎಂದರು ಕೊನೆಗೆ. “ಯಾರಿಗೂ ಕೊಟ್ಟಿಲ್ಲ.”

ಸುಳ್ಳು. ಅವರ ಸುಳ್ಳು ಅವಳಿಗೆ ಗೊತ್ತಿತ್ತು. ಹಿಂದೆ ಚಹಾಕ್ಕೆ ಸಕ್ಕರೆ ಹಾಕಿಕೊಂಡಿಲ್ಲ ಎಂದು ಹೆಂಡತಿ ತುಳಸಾಬಾಯಿ ಕಾಕುಗೆ ಹೇಳುವಾಗಲೂ ಹೀಗೆಯೇ ‘ಇಲ್ಲ’ಕ್ಕೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಸುಳ್ಳು ಸಿಕ್ಕಿತೆಂದು ಅವಳು ಹಿಗ್ಗಿದಳು. ಆ ಹಿಗ್ಗನ್ನು ಆಮೇಲೆ ನೆನೆದಾಗಲೆಲ್ಲ ಕಿವಿ ಕಾಯುವಷ್ಟು ನಾಚಿಕೆಯಾಯಿತು.

“ಹಂಗಾದರ ಓದ್ರಿ. ನೀವು ಕಳಿಸಿದ್ದನ್ನ ನೀವ ಓದಿ ಹೇಳ್ರಿ. ನಿಮ್ಮ ಪದ್ಧತಿನೂ ಅದ ಅಲ್ಲೇನು?”

ಅದು ಇಡೀ ಆಫೀಸಿಗೆ ಗೊತ್ತಿದ್ದ ಪದ್ಧತಿ. ದತ್ತಾತ್ರೇಯರು ಕೋಡನ್ನು ಮನಸ್ಸಿನಲ್ಲಿ ಓದಗೊಡುತ್ತಿರಲಿಲ್ಲ. ಹುಡುಗರು ಅವರ ಪಕ್ಕ ಕೂತು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಬೇಕು. ಅವರು ಕಣ್ಣು ಮುಚ್ಚಿ ಕೇಳಿ, ತಪ್ಪಿದ್ದಲ್ಲಿ ಮೇಜು ಕುಟ್ಟಬೇಕು. ‘ಕಣ್ಣು ಮೋಸ ಹೋಗ್ತದ, ಕಿವಿ ಹೋಗೂದಿಲ್ಲ’ ಎಂದು ಸಂಪದಾಳಿಗೂ ಅವರು ಹಾಗೆಯೇ ಕಲಿಸಿದ್ದರು. ಇತ್ತೀಚೆಗೆ ಅವರು ಚಷ್ಮಾ ಹಾಕುವುದನ್ನೂ ಬಿಟ್ಟಾಗ, ಸರ್‌ಗೆ ವಯಸ್ಸು ಹಿಂದಕ್ಕ ಹೊಂಟೇತಿ ಎಂದು ಹುಡುಗರು ನಗೆಯಾಡಿದ್ದರಂತೆ. ತುಳಸಾಬಾಯಿ ದಿನವೂ ಡಬ್ಬಿಯ ನೆವದಲ್ಲಿ ಅವರ ಜೊತೆ ಆಟೋದಲ್ಲಿ ಬಂದು ಮೂರನೆಯ ಮಹಡಿಯ ತನಕ ಬಿಟ್ಟುಹೋಗುವುದನ್ನು ಕಂಡು, ಈ ವಯಸ್ಸಿನಲ್ಲಿ ಎಂಥ ಪ್ರೀತಿ ಎಂದಿದ್ದರಂತೆ.

ಈ ಎರಡನ್ನೂ ಸಂಪದಾ ಬೆಳಿಗ್ಗೆಯೇ ಕೇಳಿ ತಿಳಿದಿದ್ದಳು. ತಿಳಿದೂ ಅವುಗಳ ಗಂಟು ಬಿಚ್ಚಿರಲಿಲ್ಲ.

ದತ್ತಾತ್ರೇಯರು ಮುಂದಕ್ಕೆ ಬಾಗಿದರು. ಅಷ್ಟು ಹೊತ್ತು ಯಾರೂ ಮುಟ್ಟದ ಲ್ಯಾಪ್‌ಟಾಪಿನ ಪರದೆ ಮಂಕಾಗಿ, ಆಮೇಲೆ ಪೂರಾ ಕಪ್ಪಾಯಿತು.

ಆಗ ಅವರು ಓದತೊಡಗಿದರು.

“ತೊಳೆಯುವುದು ಶುರುವಾದರೆ ದನಿ ಮುಚ್ಚು.” ಶಾಂತವಾಗಿ, ಒಂದೂ ಅಕ್ಷರ ತಡವರಿಸದೆ. “ತೊಳೆದಾದ ಮೇಲೆ ದನಿ ತೆರೆ.”

ಹೊರಗೆ ಯಾರೋ ಹುಡುಗ ಕಿಸಕ್ಕನೆ ನಕ್ಕ. ಸರ್ ತಮಾಷೆ ಮಾಡುತ್ತಿದ್ದಾರೆಂದುಕೊಂಡಿರಬೇಕು. ಆ ನಗೆ ಅರ್ಧದಲ್ಲೇ ಸತ್ತಿತು.

ಕಪ್ಪು ಪರದೆಯಲ್ಲಿ ಸಂಪದಾಳಿಗೆ ಕಂಡದ್ದು ತನ್ನದೇ ಮುಖ.

“ಸರ್,” ವಿಜಯಶ್ರೀ ಮೆಲ್ಲನೆ ಅಂದರು, “ಸ್ಕ್ರೀನ್ ಆರೇತಿ ರೀ.”

ದತ್ತಾತ್ರೇಯರ ತುಟಿ ಇನ್ನೂ ಮುಂದಿನ ಮಾತಿಗೆ ತೆರೆದಿತ್ತು. ಅದು ಹಾಗೆಯೇ ನಿಂತಿತು. ನಂತರ ಅವರು ಕೈಚಾಚಿ, ಎದುರಿನ ಗಾಜನ್ನು ಬೆರಳಿಂದ ಮುಟ್ಟಿ ನೋಡಿದರು. ಅದರಿಂದೇನೋ ತಿಳಿದೀತು ಎಂಬಂತೆ.

“ಕಣ್ಣಿನ ನರ ಒಣಗ್ಯಾವ,” ಎಂದರು. “ಮೊದಲ ಅಂಚು ಹೋತು. ಆಮ್ಯಾಲ ನಡುವಿಂದೂ ಹೋತು. ಯಾರಿಗೂ ತ್ರಾಸ ಕೊಡಬಾರದಂತ ಹೇಳಲಿಲ್ಲ. ಕಿವಿ ಇನ್ನೂ ಛಲೋ ಅದಾವಲ್ಲ ಅನ್ಕೊಂಡೆ.”

ಎದ್ದು ನಿಂತು ಡಬ್ಬಿಗಾಗಿ ತಡಕಿದರು. ಗಾಜಿಗೆ ಕೈಚಾಚಿದಾಗ ಮೊಣಕೈ ತಾಗಿ ಅದು ಇದ್ದ ಜಾಗದಿಂದ ಕದಲಿತ್ತು. ಕೈ ತಪ್ಪಿ ಬಡಿದು ಡಬ್ಬಿ ನೆಲಕ್ಕೆ ಉರುಳಿತು. ಚಪಾತಿ, ಪುಂಡಿಪಲ್ಯ, ಒಂದು ಮುಷ್ಟಿ ಮೊಸರನ್ನ, ಎಲ್ಲವೂ ಅವರ ಚಪ್ಪಲಿಯ ಸುತ್ತ ಚೆಲ್ಲಿದವು.

“ಏನು ಬಿತ್ತು? ಊಟ ಬಿತ್ತೇನು?”

ಸಂಪದಾ ಮೊಣಕಾಲೂರಿ ಅನ್ನ ಬಳಿಯತೊಡಗಿದಳು. ಹೊರಗಿನ ಅಷ್ಟೂ ಮುಖಗಳು ಬಾಗಿಲಲ್ಲಿದ್ದವು. ಆ ಬಾಗಿಲನ್ನು ತೆರೆದಿಟ್ಟವಳು ತಾನು. ಮೇಲಿನಿಂದ ವಿಜಯಶ್ರೀ ದನಿ ಬಂತು, ಮರುಕದ ಒಳಗೆ ಲೆಕ್ಕಾಚಾರ ಇಟ್ಟುಕೊಂಡ ದನಿ.

“ನಮಗ ಒಂದ ಮಾತು ಹೇಳಬಾರದಿತ್ತೇನ್ರಿ ಸರ್? ನಿಮ್ಮನ್ನ ಮನಿ ಹಿರ್ಯಾರ ಹಂಗ ಇಟ್ಕೊಂಡಿದ್ವಿ.” ಅವರು ಮೂಲೆಯ ಕಡೆ ತಿರುಗಿದರು. “ಬಸವಕಿರಣ, ಏಳಪಾ. ಹೋಗಿ ಮುಖಾ ತೊಳಕೋ. ಸಂಜಿಗೆ ಕೊಡು ಹೆಸರು ಈಗ ಬ್ಯಾರೆ ಆತು.”

ಸಂಪದಾ ತಲೆಯೆತ್ತಿದಳು. “ಮೇಡಂ, ಇವರಿಗೆ ಕಾಣಸೂದ ಇಲ್ಲಂದಮ್ಯಾಲ ಸಾಲು ಹೆಂಗ ಅಳಸ್ತಾರ?”

“ಅದು ಕೋರ್ಟಿನಾಗ ಹೇಳ್ಲಿ. ಕಣ್ಣಿಲ್ಲದಾಂವ ಓದೀನಿ ಅಂತ ಸಹಿ ಹಾಕ್ಯಾನ, ಅದ ಸಾಕು. ನೀನ ತೋರಿಸಿ ಕೊಟ್ಟಿಯಲ್ಲವಾ, ಎಲ್ಲಾರ ಮುಂದ.”

ಬಸವಕಿರಣ ಬಾಗಿಲು ದಾಟುವಾಗ ಒಮ್ಮೆ ಹಿಂತಿರುಗಿ ನೋಡಿದ. ಬಿಡುಗಡೆಯಾದವನ ಮುಖವಾಗಿರಲಿಲ್ಲ ಅದು. ಏನೋ ಹೇಳಲು ಬಾಯಿ ತೆರೆದು, ವಿಜಯಶ್ರೀಯನ್ನು ನೋಡಿ, ಮುಚ್ಚಿಕೊಂಡು ಹೋದ.

*

ಮೆಟ್ಟಿಲ ತಿರುವಿನಲ್ಲಿ ಹಳೆಯ ಬೆಂಚೊಂದಿತ್ತು. ತುಳಸಾಬಾಯಿಯ ಆಟೋ ಬರುವ ತನಕ ಅಲ್ಲಿ ಕೂರಿಸೋಣವೆಂದು ಸಂಪದಾ ಅವರ ಕೈ ಹಿಡಿದು ತಂದಳು. ಇನ್ನೊಂದು ಕೈಯಲ್ಲಿ ಖಾಲಿ ಡಬ್ಬಿ. ಗೋಡೆಯಾಚೆ ಮೆಟ್ರೋ ಹಾದುಹೋದಾಗ ಕಿಟಕಿಯ ಗಾಜು ಅದುರಿತು.

ಅವಳ ಅಜ್ಜಿ ಗೋದಾಬಾಯಿ ಒಂದು ಕಥೆ ಹೇಳುತ್ತಿದ್ದಳು. ಒಂದು ಊರಿನ ಅಗಸೆ ಬಾಗಿಲಿಗೆ ಕಣ್ಣಿಲ್ಲದ ಕಾವಲುಗಾರ. ಹೆಜ್ಜೆಯ ಸಪ್ಪಳದಿಂದಲೇ ಊರಿನ ಪ್ರತಿಯೊಬ್ಬರನ್ನೂ ಅವನು ಗುರುತಿಸುತ್ತಿದ್ದ. ಕಳ್ಳ ಯಾವ ವೇಷದಲ್ಲಿ ಬಂದರೂ ಸಿಕ್ಕಿಬೀಳುತ್ತಿದ್ದ. ಆದರೂ ಒಂದು ದಿನ ಊರು ಸೂರೆಯಾಯಿತು. ಹೇಗೆ? ಅಲ್ಲಿಗೆ ಬರುವಷ್ಟರಲ್ಲಿ ಸಂಪದಾ ಯಾವಾಗಲೂ ನಿದ್ದೆ ಹೋಗಿರುತ್ತಿದ್ದಳು.

“ತಾತ್ಯಾ.” ಆ ಮಾತು ಬಾಯಿಂದ ಹೊರಡಲು ಕಷ್ಟಪಟ್ಟಿತು. “ನನ್ನ ತಪ್ಪಾತ್ರಿ.”

ಅವರು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ತಡಕಿ ಬೆಂಚಿನ ಮೇಲಿಟ್ಟರು.

“ನಾ ಮೊದಲ ನಿಮ್ಮ ಮನಿಗೆ ಬಂದು ಕೇಳಬೇಕಿತ್ತು. ಬಂದಿದ್ರ ನಿಮ್ಮ ಕಣ್ಣು... ಒಂದು ವರ್ಷದ ಮ್ಯಾಲಾತು, ನಾ ಬಂದೇ ಇಲ್ಲ. ಫೋನೂ ಮಾಡಿಲ್ಲ.”

ದತ್ತಾತ್ರೇಯರ ಹುಬ್ಬು ಮೇಲೇರಿತು. “ಫೋನ್ ಮಾಡಿಲ್ಲ?”

“ತಾತ್ಯಾ, ನೀವು ಇಲ್ಲದ ಸಾಲನ್ನ ಓದಿದ್ರಿ. ಅಂದ್ರ ಯಾರೋ ನಿಮಗ ಆ ಸಾಲು ಅದ ಅಂತ ಓದಿ ಹೇಳ್ಯಾರ. ಹೇಳಿ, ನೀವು ಹೂಂ ಅಂದಮ್ಯಾಲ ಅದನ್ನ ತೆಗೆದು, ನಿಮ್ಮ ಹೆಸರಿಲೆ ಒಪ್ಪಿಗಿ ಒತ್ಯಾರ. ಯಾರವರು? ಆ ಹೆಸರು ಸಂಜಿ ಒಳಗ ಸಿಗಲಿಲ್ಲಂದ್ರ ನಿಮ್ಮನ್ನ ಸ್ಟೇಶನ್ನಿಗೆ ಒಯ್ತಾರ್ರಿ.”

“ಒಯ್ಲಿ.”

“ಯಾಕ ಹಿಂಗ ಹಟಾ ಮಾಡ್ತೀರಿ? ಯಾರನ್ನ ಉಳಸ್ಲಿಕತ್ತೀರಿ?”

ಅವರು ನಕ್ಕರು. ಕಹಿಯಿಲ್ಲದ, ದಣಿದ ನಗೆ.

“ನಾಟಕಾ ಬ್ಯಾಡ, ಬಾಳಾ.” ಚಿಕ್ಕ ಮಗುವನ್ನು ಕರೆಯುವ ಆ ಮಾತಿನಿಂದಲೇ ಅವರು ಅವಳನ್ನು ಮೊದಲಿಂದಲೂ ಕರೆಯುತ್ತಿದ್ದುದು. “ಇಲ್ಲಿ ಈಗ ಯಾರೂ ಇಲ್ಲ. ಒಳಗ ನೀ ನನ್ನ ಸರ್ ಅಂದಾಗ ತಿಳೀತು, ನೀ ನಿನ್ನ ಜೀವಾ ಉಳಿಸ್ಕೊಳ್ಳಿಕತ್ತಿ ಅಂತ. ಇರ್ಲಿ, ನಿನಗಿನ್ನೂ ವಯಸ್ಸದ. ನಂದು ಮುಗದದ್ದು. ಪಾಸ್‌ವರ್ಡ್ ಯಾರಿಗೂ ಕೊಟ್ಟಿಲ್ಲ ಅಂದೆನಲ್ಲ, ಅಷ್ಟು ಸಾಲದೇನು ನಿನಗ?”

“ಅಂದ್ರ?”

“ಇಷ್ಟು ಮಾತ್ರ ಹೇಳು.” ಅವರು ಅವಳ ಕಡೆ ಮುಖ ತಿರುಗಿಸಿದರು. “ಇಲ್ಲದ ಸಾಲನ್ನ ನೀ ನನಗ ಯಾಕ ಓದಿ ಹೇಳಿದಿ?”

ಕೆಳಗೆ ಕೋಚಿಂಗ್ ಕ್ಲಾಸು ಬಿಟ್ಟಿತು. ಮೆಟ್ಟಿಲ ತುಂಬ ಹುಡುಗರ ಗಲಾಟೆ ಏರಿ ಇಳಿದುಹೋಯಿತು.

“ನಾನಾ?”

“ಮತ್ತಿನ್ಯಾರು? ಚಳಿಗಾಲದಾಗ ನೀನ ಫೋನ್ ಮಾಡಿದಿ. ಹೊಸಾ ನಂಬರ್ ತಗೊಂಡೀನಿ ಅಂದಿ, ತುಳಸಾ ನಿನ್ನ ಹೆಸರು ಹಾಕಿಟ್ಲು. ನಿಮ್ಮ ಕಣ್ಣಿಂದು ನನಗ ಗೊತ್ತಾಗೇದ, ಆಫೀಸಿನ ಹುಡುಗರ ಮುಂದ ನಾಚ್ಕಿ ಬ್ಯಾಡ, ನಾನ ದಿನಾ ಓದಿ ಹೇಳ್ತೀನಿ, ನಾನ ಒತ್ತತೀನಿ ಅಂದಿ. ಪಾಸ್‌ವರ್ಡ್ ನಿನಗ ಕೊಡ್ದ ಯಾರಿಗೆ ಕೊಡ್ಲಿ? ದಿನಾ ತಪ್ಪದ ಫೋನ್ ಮಾಡತಿದ್ದಿ. ಊಟ ಆತೇನು, ಕಣ್ಣಿಗೆ ಹನಿ ಹಾಕ್ಕೊಂಡ್ರೇನು, ಎಲ್ಲಾ ಕೇಳತಿದ್ದಿ. ಹೊಟ್ಟೀಲೆ ಹುಟ್ಟಿದವರೂ ಹಂಗ ಕೇಳೂದಿಲ್ಲ ಅಂತ ತುಳಸಾ ಅಳತಿದ್ಲು.”

ತಾನು ಮಾಡದ ಫೋನುಗಳು. ತಾನು ಕೇಳದ ಊಟ. ಮಾಡಬೇಕಾಗಿದ್ದ ಪ್ರತಿಯೊಂದನ್ನೂ ಬೇರೆ ಯಾರೋ, ಅವಳ ದನಿಯನ್ನು ತೊಟ್ಟುಕೊಂಡು, ಅವಳಿಗಿಂತ ಚೆನ್ನಾಗಿ ಮಾಡಿದ್ದರು. ಒಂದೇ ಒಂದು ಸಲ ಅವಳೇ ಫೋನ್ ಮಾಡಿದ್ದರೂ ಈ ಮೋಸ ಅವತ್ತೇ ಒಡೆದುಹೋಗುತ್ತಿತ್ತು. ಭೀಮಾಶಂಕರನ ಮುಖ ಉಳಿಯುತ್ತಿತ್ತು.

ಅಜ್ಜಿಯ ಕಥೆಯ ಕೊನೆ ಈಗ ನೆನಪಾಯಿತು. ಕಳ್ಳ ಬೇರೇನೂ ಮಾಡಲಿಲ್ಲ. ಕಾವಲುಗಾರನ ಮೊಮ್ಮಗಳ ಕಾಲ್ಗೆಜ್ಜೆ ಕದ್ದು, ಅದನ್ನು ಕಟ್ಟಿಕೊಂಡು ನಡೆದುಬಂದ.

ಗೆಜ್ಜೆ. ದನಿ. ಅವಳ ದನಿ ಪುಟಗಟ್ಟಲೆ ಕೂಡಿಬಿದ್ದಿರುವುದು ಒಂದೇ ಕಡೆ. ಮೊನ್ನೆ ಮೊನ್ನೆ ಪಕ್ಕದ ಬೀದಿಯ ಒಂದು ಕ್ಲಾಸಿನಲ್ಲಿ, ಸ್ವಲ್ಪ ಹೊತ್ತು ಮಾತಾಡಿಸಿದ ದನಿಯಿಂದ ಕಂಪ್ಯೂಟರಿನಲ್ಲಿ ಬೇಕಾದ ಮಾತನ್ನೆಲ್ಲ ಹೇಳಿಸುವುದನ್ನು ಕಲಿಸುತ್ತೇವೆಂಬ ಹಾಳೆಯನ್ನು ಯಾರೋ ಅವಳ ಕೈಗೂ ಕೊಟ್ಟಿದ್ದರು. ದಸರೆಯ ಆ ಗಾಜಿನ ಕೋಣೆ. ಹೊರಗೆ ನಿಂತು ಓದಿಸಿದವರು ವಿಜಯಶ್ರೀ. ಯಂತ್ರದ ಮುಂದೆ ಕೂತು ಅವಳ ದನಿಯನ್ನು ತುಂಬಿಕೊಂಡವನು...

ಬಸವಕಿರಣ.

ಯಾರನ್ನು ಬಿಡಿಸಲೆಂದು ಇವತ್ತು ಈ ಮುದುಕರ ಮಾನ ತೆಗೆದಳೋ, ಅವನೇ. ತಾತ್ಯಾನ ಹೆಸರು ಕೈಯಲ್ಲಿದ್ದರೆ ತನ್ನ ಕೋಡಿಗೆ ತಾನೇ ಒಪ್ಪಿಗೆ ಒತ್ತಬಹುದಿತ್ತು, ತಪ್ಪಾದರೆ ಹೊಣೆ ತಾತ್ಯಾನದು.

“ತಾತ್ಯಾ, ನನ್ನ ಮಾತು ಕೇಳ್ರಿ.” ಅವಳು ಅವರ ಎರಡೂ ಕೈ ಹಿಡಿದಳು. “ನಾ ನಿಮಗ ಕಡೀಗೆ ಫೋನ್ ಮಾಡಿದ್ದು ಹೋದ ವರ್ಷದ ದಸರೆಕ್ಕ. ಇಲ್ಲೇ ಮೈಕಿನ ಮುಂದ ಕೂತಿದ್ದೆ. ನಡುವ ಚಹಾ ಕುಡೀಲಿಕ್ಕೆ ಬಿಟ್ರು, ಮೈಕು ಆರಿಸ್ಯಾರ ಅಂತ ತಿಳ್ಕೊಂಡು ಅಲ್ಲಿಂದನ ನಿಮಗ ಮಾತಾಡಿದೆ. ಆಮ್ಯಾಲ ಮಾಡಿದ್ದು ಯಾವದೂ ನಾನಲ್ಲ. ಯಾರೋ ನನ್ನ ದನಿ...”

ಅವರ ಅಂಗೈ ಅವಳ ಅಂಗೈಯೊಳಗೆ ಸ್ವಲ್ಪ ಸ್ವಲ್ಪವೇ ಸಡಿಲಾಗಿ, ಆಮೇಲೆ ಮೆಲ್ಲನೆ ಅವಳ ಬೆರಳುಗಳನ್ನು ಹಿಡಿದುಕೊಂಡಿತು. ನಂಬಬೇಕೆಂದು ಆಸೆಪಡುವ ಹಿಡಿತ.

“ಖರೇನ ಹೇಳ್ತಿಯೇನ, ಬಾಳಾ?”

ಆಗ ಅವರ ಜೇಬಿನಲ್ಲಿ ಫೋನು ಮಿಡಿಯಿತು. ಕಣ್ಣಿಲ್ಲದವರಿಗಾಗಿ ಕರೆದವರ ಹೆಸರನ್ನು ಅದು ತಾನೇ ಕೂಗಿ ಹೇಳುವಂತೆ ಇಟ್ಟಿದ್ದರು.

“ಸಂಪದಾ,” ಎಂದಿತು ಫೋನು. “ಸಂಪದಾ.”

ಅವಳ ಫೋನು ಬೆಂಚಿನ ಮೇಲೆ, ಖಾಲಿ ಡಬ್ಬಿಯ ಪಕ್ಕದಲ್ಲಿ, ಆರಿಕೊಂಡು ಬಿದ್ದಿತ್ತು.

ದತ್ತಾತ್ರೇಯರು ಫೋನನ್ನು ಹೊರತೆಗೆದು, ರೂಢಿಯಾದ ಹೆಬ್ಬೆರಳಿನಿಂದ ಸ್ಪೀಕರ್ ಒತ್ತಿದರು.

“ತಾತ್ಯಾ, ಊಟ ಆತೇನ್ರಿ?”

ದಸರೆಯ ದಿನ ಮೈಕಿನ ಮುಂದೆ ತಾನು ಅಂದಿದ್ದ ಅದೇ ಮಾತು. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ನಗೆ. ಅದು ಸಂಪದಾಳದೇ ದನಿ.

ಮುದುಕರ ಮುಖ ಫೋನಿನ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ತಿರುಗಿತು.

“ಯಾಕ ಸುಮ್ಮನಾದ್ರಿ, ತಾತ್ಯಾ?” ದನಿಯಲ್ಲಿ ಕಳಕಳಿ ತುಂಬಿತು. “ನಿಮ್ಮ ಹತ್ರ ಒಬ್ಬಾಕಿ ನಿಂತಾಳಲ್ಲ, ಎಲ್ಲಾರ ಮುಂದ ನಿಮಗ ಸರ್ ಅಂದಾಕಿ, ನಿಮ್ಮ ಊಟ ನೆಲಕ್ಕ ಬೀಳಿಸಿದಾಕಿ... ಆಕಿ ಕೈ ಬಿಡ್ರಿ. ಆಕಿ ನಾನಲ್ಲ.”

ದತ್ತಾತ್ರೇಯರು ಕೈ ಬಿಡಿಸಿಕೊಂಡರು.